ಬಾವೊಜು ಕೇಳಿದ ಎರಡನೆಯ ನೀರು

ಬಾವೊಜುವಿಗೆ ಸಿಟ್ಟು ಬಂದಿದೆಯೆಂದು ತಿಳಿಯಲು ಅವಳ ಮುಖ ನೋಡಬೇಕಾಗಿರಲಿಲ್ಲ. ಅವಳ ಮನೆಯ ಸದ್ದು ಕೇಳಿದರೆ ಸಾಕಿತ್ತು. ಗಂಜಿಯ ಪಾತ್ರೆಯನ್ನು ಒಲೆಯಿಂದ ಇಳಿಸುವ ಸದ್ದು, ಸೌದೆ ಮುರಿಯುವ ಸದ್ದು, ಬಾತುಕೋಳಿಗಳಿಗೆ ಹೊಟ್ಟು ಎರಚಿ ಬುಟ್ಟಿ ಕುಕ್ಕುವ ಸದ್ದಿನಲ್ಲೇ ಕೇರಿಗೆಲ್ಲ ಗೊತ್ತಾಗುತ್ತಿತ್ತು. ಒಣಗಿದ ಚಹಾದಿಂದ ತೊಟ್ಟು ಆರಿಸಲು ನಾವು ಹೆಂಗಸರು ಅವಳ ಅಂಗಳದಲ್ಲಿ ಮೊರಗಳ ಮುಂದೆ ಕೂತಾಗ, ಅವಳು ಒಂದೊಂದು ತೊಟ್ಟನ್ನೂ ಯಾರದೋ ಕಿವಿ ಹಿಂಡುವವಳಂತೆ ಕಿತ್ತು ಎಸೆಯುತ್ತಿದ್ದಳು. ಆದರೆ ಅವಳ ಮೊರದಲ್ಲಿ ಎಲೆ ಮಾತ್ರ ಒಂದೂ ಮುರಿಯುತ್ತಿರಲಿಲ್ಲ.

ಅವಳು ಕೆಳಗಿನ ಕಣಿವೆಯಿಂದ ನಮ್ಮ ಬೆಟ್ಟಕ್ಕೆ ಮದುವೆಯಾಗಿ ಬಂದವಳು. ಆನ್‌ಶಿ ಸೀಮೆಯ ಈ ಬೆಟ್ಟಗಳಲ್ಲಿ ಹೆಂಗಸರು ಎಲೆ ಕೀಳುತ್ತಾರೆ, ತೊಟ್ಟು ಆರಿಸುತ್ತಾರೆ. ಎಲೆಯನ್ನು ಬಿದಿರಿನ ಪೀಪಾಯಿಯಲ್ಲಿ ಹಾಕಿ ತಿರುಗಿಸುವುದು, ಅದು ದಣಿದು ಅಂಚು ಕೆಂಪಾಗುವ ತನಕ ಕಾಯುವುದು, ಕಾದ ಬಾಣಲೆಯಲ್ಲಿ ಹುರಿಯುವುದು ಗಂಡಸರ ಕೆಲಸ. ಅವಳ ಗಂಡ ಜಿನ್‌ಶಾನ್ ಒಳ್ಳೆಯ ಚಹಾ ಮಾಡುತ್ತಿದ್ದ. ಮಾತು ಕಡಿಮೆ. ಹೆಂಡತಿ ರೇಗಿದರೆ ಪೀಪಾಯಿಯ ಹತ್ತಿರ ಹೋಗಿ ನಿಲ್ಲುತ್ತಿದ್ದ. ಅವಳೂ ಅಲ್ಲಿಗೇ ಹೋಗಿ ರೇಗುತ್ತಿದ್ದಳು. ಹಾಗೆ ರೇಗುತ್ತ ನಿಂತೇ ಎಲ್ಲವನ್ನೂ ಕಲಿತಳೆಂದು ತೋರುತ್ತದೆ.

ಜಿನ್‌ಶಾನ್ ಒಂದು ಚಳಿಗಾಲ ಎದೆಕಟ್ಟಿ ಮಲಗಿದವನು ಏಳಲಿಲ್ಲ. ವಸಂತದಲ್ಲಿ ಎಲೆ ಚಿಗುರಿದಾಗ ಬಾವೊಜು ಯಾರನ್ನೂ ಕರೆಯಲಿಲ್ಲ. ತಾನೇ ಪೀಪಾಯಿ ತಿರುಗಿಸಿದಳು, ತಾನೇ ಬಾಣಲೆಯ ಮುಂದೆ ನಿಂತಳು. ಮೊದಲ ಸಲದ ಚಹಾ ಸೀದುಹೋಗಿತ್ತು. ಅದನ್ನೆಲ್ಲ ಹೊತ್ತುಕೊಂಡು ಹೋಗಿ ಗಿಡಗಳ ಬುಡಕ್ಕೆ ಸುರಿದು, ಗಿಡಕ್ಕೂ ಗಂಡನಿಗೂ ಸೇರಿಸಿ ಬೈದು ಬಂದಳು. ಮುಂದಿನ ವರ್ಷದ ಹೊತ್ತಿಗೆ ಅವಳ ಚಹಾದ ರುಚಿ ಗಂಟಲಲ್ಲಿ ನಿಲ್ಲುವಂತಾಯಿತು. ಹಬ್ಬಕ್ಕೆ ಬಂದ ಮಗಳು ಕುಡಿದು, ಅಪ್ಪನದೇ ರುಚಿ ಅಂದಳಂತೆ. ಅಪ್ಪನದಲ್ಲ, ನನ್ನದು ಅಂತ ಬಾವೊಜು ಮಗಳ ಮೇಲೂ ರೇಗಿದಳು.

ಜಗಳ ಹುಟ್ಟಿದ್ದು ಕಲ್ಲುಗೋಡೆಯ ಮೇಲಿನ ಹೊಲದ ವಿಷಯಕ್ಕೆ. ಉತ್ತರಕ್ಕೆ ಮುಖಮಾಡಿದ, ಮಧ್ಯಾಹ್ನದ ತನಕ ಮಂಜು ಬಿಡದ ಇಳಿಜಾರು. ಬಾವೊಜುವಿನ ಮಾವ ನೆಟ್ಟ ಹಳೆಯ ಗಿಡಗಳು. ಅಣ್ಣತಮ್ಮಂದಿರು ಬೇರೆಯಾದಾಗ ಒಲೆ ಹಂಚಿಕೊಂಡರು, ಪಾತ್ರೆ ಹಂಚಿಕೊಂಡರು, ತಾಯಿಯ ಊಟವನ್ನೂ ಒಂದು ತಿಂಗಳು ನಿನ್ನಲ್ಲಿ ಒಂದು ತಿಂಗಳು ನನ್ನಲ್ಲಿ ಎಂದು ಹಂಚಿಕೊಂಡರು. ಆ ಹೊಲವನ್ನು ಮಾತ್ರ ಹಂಚಲಿಲ್ಲ. ಜಿನ್‌ಶಾನ್ ನೋಡಿಕೊಳ್ಳುತ್ತಿದ್ದ, ತಮ್ಮ ಜಿನ್‌ಶುಯಿ ಕೇಳಿರಲಿಲ್ಲ. ಅಣ್ಣ ಹೋದಮೇಲೆ ಕೇಳಿದ. ಒಬ್ಬ ಹೆಂಗಸಿನ ಕೈಯಲ್ಲಿ ಅಂಥ ಗಿಡ ಹಾಳಾಗುತ್ತದೆ, ನಾನು ನೋಡಿಕೊಳ್ಳುತ್ತೇನೆ, ಅತ್ತಿಗೆಗೆ ವರ್ಷಕ್ಕೆ ಬೇಕಾದಷ್ಟು ಕೊಡುತ್ತೇನೆ ಅಂದ.

ಜಿನ್‌ಶುಯಿ ಕೆಟ್ಟವನೆಂದು ನಾನು ಹೇಳಲಾರೆ. ಬಿರುಗಾಳಿಗೆ ಬಾವೊಜುವಿನ ಅಡುಗೆಮನೆಯ ಹೆಂಚು ಹಾರಿದಾಗ ಮಳೆಯಲ್ಲೇ ಏಣಿ ಹತ್ತಿ ಹೊದಿಸಿದವನು ಅವನೇ. ಅವನು ಹೊಸ ರೀತಿಯ ಚಹಾ ಮಾಡುತ್ತಾನೆ. ತಣ್ಣಗೆ ಮಾಡುವ ಯಂತ್ರ ಹಾಕಿದ ಕೋಣೆಯಲ್ಲಿ ಎಲೆ ಮಲಗಿಸಿ, ಅಂಚು ಕೆಂಪಾಗಲು ಬಿಡದೆ, ಹಸಿರಾಗಿಯೇ ಇಳಿಸುತ್ತಾನೆ. ಮುಚ್ಚಳ ತೆರೆದರೆ ಹೂವಿನ ತೋಟಕ್ಕೇ ಬಂದಂತಾಗುತ್ತದೆ. ಪಟ್ಟಣದವರಿಗೆ ಅದೇ ಇಷ್ಟ. ಬಾವೊಜು ಅದನ್ನು ಚಹಾ ಅನ್ನುತ್ತಲೇ ಇರಲಿಲ್ಲ. “ಮೂಗಿಗೆ ಹಬ್ಬ, ಹೊಟ್ಟೆಗೆ ಉಪವಾಸ,” ಅನ್ನುತ್ತಿದ್ದಳು.

ಕೊನೆಗೆ ಮನೆತನದ ಹಿರಿಯ ಹುವೊಶೆಂಗ್ ಒಂದು ದಾರಿ ಹೇಳಿದ. ಆ ಶರತ್ಕಾಲದಲ್ಲಿ ಹೊಲದ ಒಂದು ಅರ್ಧವನ್ನು ಬಾವೊಜು ಕೀಳಲಿ, ಇನ್ನೊಂದು ಅರ್ಧವನ್ನು ಜಿನ್‌ಶುಯಿ. ಇಬ್ಬರೂ ತಮ್ಮ ತಮ್ಮ ರೀತಿಯಲ್ಲಿ ಚಹಾ ಮಾಡಲಿ. ಕುಲದ ಮಂದಿರದಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೀರು ಹಾಕಿ ನೋಡೋಣ. ಬಾವೊಜುವಿನ ಚಹಾ ಅವನದರ ಎದುರು ನಿಂತರೆ ಹೊಲ ಅವಳಲ್ಲೇ ಇರಲಿ. ನಿಲ್ಲದಿದ್ದರೆ ತಮ್ಮನಿಗೆ ಹೋಗಲಿ.

ಬಾವೊಜು ಒಪ್ಪಿದಳು. ಒಪ್ಪಿದ್ದಕ್ಕೆ ತನ್ನ ಮೇಲೇ ಸಿಟ್ಟುಮಾಡಿಕೊಂಡು ಅಂದು ಊಟ ಮಾಡಲಿಲ್ಲ. ನನ್ನ ಹೊಲವನ್ನು ಉಳಿಸಿಕೊಳ್ಳೋಕೆ ನಾನೇ ಪರೀಕ್ಷೆ ಬರೀಬೇಕಂತೆ, ಗಂಡಸಾಗಿದ್ರೆ ಕೇಳ್ತಿದ್ರಾ ಅಂತ ಮೊರದ ಮುಂದೆ ಕೂತು ನಮ್ಮನ್ನೆಲ್ಲ ಕೇಳಿದಳು. ನಾವು ತಲೆ ಬಗ್ಗಿಸಿ ತೊಟ್ಟು ಆರಿಸಿದೆವು.

ಇಲ್ಲಿನ ಪದ್ಧತಿಯೊಂದನ್ನು ಹೇಳಬೇಕು. ವರ್ಷಕ್ಕೊಮ್ಮೆ ರುಚಿ ನೋಡುವ ಹಬ್ಬದ ಮುನ್ನಾದಿನದ ಸಂಜೆ ಚಹಾವನ್ನು ಮಂದಿರದ ಕರುಣೆಯ ದೇವಿ ಗ್ವಾನ್‌ಯಿನ್ ತಾಯಿಯ ಪೀಠದ ಮೇಲೆ ಇಡುತ್ತೇವೆ. ರಾತ್ರಿಯೆಲ್ಲ ಅದು ತಾಯಿಯ ಕಣ್ಣೆದುರಿಗಿದ್ದರೆ ಯಾರೂ ಬದಲಾಯಿಸುವುದಿಲ್ಲ ಎಂಬ ನಂಬಿಕೆ. ಮನೆಯ ಹಿರಿಯ ಹೆಂಗಸು ಇಡಬೇಕು. ಯಾವುದು ಯಾರದೆಂದು ಅವಳಿಗಷ್ಟೇ ಗೊತ್ತಿರಬೇಕು. ಹಿಂದೆಲ್ಲ ಬಿಗಿ ಮುಚ್ಚಳದ ತಗಡಿನ ಡಬ್ಬಿಗಳಲ್ಲಿ ಇಡುತ್ತಿದ್ದರು. ಅದರ ಹಿಂದಿನ ವರ್ಷ ಯಾರೋ ಡಬ್ಬಿಯ ನೆಗ್ಗು ನೋಡಿ ಗುರುತು ಹಿಡಿದರೆಂದು ಜಗಳವಾಗಿ, ಇನ್ನುಮೇಲೆ ಎಲ್ಲರದೂ ಒಂದೇ ರೀತಿಯ ಬಿಳಿ ಕಾಗದದ ಪೊಟ್ಟಣ ಎಂದು ಹುವೊಶೆಂಗ್ ಮತ್ತು ಇತರ ಗಂಡಸರು ತೀರ್ಮಾನಿಸಿದ್ದರು.

ಇಬ್ಬರ ಪೊಟ್ಟಣವನ್ನೂ ಇಟ್ಟವಳು ಬಾವೊಜುವಿನ ಅತ್ತೆ, ಅಂದರೆ ಜಿನ್‌ಶುಯಿಯ ತಾಯಿ. ಎಂಬತ್ತು ದಾಟಿದ ಮುದುಕಿ. ಆ ತಿಂಗಳು ಅವಳ ಊಟ ಬಾವೊಜುವಿನ ಮನೆಯಲ್ಲಿತ್ತು.

ಒಂದು ವಾರದಿಂದ ಬಾವೊಜು ಬೆಳ್ಳುಳ್ಳಿ ಮುಟ್ಟಿರಲಿಲ್ಲ, ಒಲೆಯಲ್ಲಿ ಮೀನು ಬೇಯಿಸಿರಲಿಲ್ಲ. ಸಾಬೂನಿನ ವಾಸನೆ ಚಹಾಕ್ಕೆ ಹತ್ತೀತೆಂದು ಬರೀ ನೀರಿನಲ್ಲಿ ಕೈತೊಳೆಯುತ್ತಿದ್ದಳು. ಚಹಾ ಎಂಥ ವಾಸನೆಯನ್ನಾದರೂ ಕುಡಿಯುತ್ತದೆ. ಹತ್ತಿರ ಕೂತು ಬೆವರಿದರೆ ಬೆವರನ್ನೂ ಕುಡಿಯುತ್ತದೆ.

ಬೆಳಿಗ್ಗೆ ಮಂದಿರದಲ್ಲಿ ಮೇಜು ಹಾಕಿದರು. ಹುವೊಶೆಂಗ್ ನಡುವೆ, ಅವನ ಎರಡು ಕಡೆ ಇಬ್ಬರು ದಾಯಾದಿಗಳು. ಜಿನ್‌ಶುಯಿ ಮೇಜಿನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಬಾವೊಜು ಹೊಸಿಲಿನ ಹೊರಗೆ ನಮ್ಮೊಂದಿಗೆ. ಮುದುಕಿ ಬಾಗಿಲ ಪಕ್ಕದ ಬೆಂಚಿನ ಮೇಲೆ. ಎರಡು ಬಿಳಿ ಬಟ್ಟಲುಗಳಿಗೆ ಎರಡು ಪೊಟ್ಟಣದ ಚಹಾ ಹಾಕಿ, ಕುದಿಯುವ ನೀರು ಎರೆದು ಮುಚ್ಚಳ ಮುಚ್ಚಿದರು. ಒಂದೇ ಎಲೆಗೆ ನಾವು ಹಲವು ಸಲ ನೀರು ಎರೆಯುತ್ತೇವೆ, ದಿನವೂ ಕುಡಿಯುವಾಗ ಮೊದಲ ನೀರನ್ನು ಚೆಲ್ಲುತ್ತೇವೆ. ತೀರ್ಪಿನ ದಿನ ಚೆಲ್ಲುವಂತಿಲ್ಲ. ಮೊದಲ ನೀರಿನ ಮುಚ್ಚಳವನ್ನೇ ಮೂಸುತ್ತಾರೆ. ಹೊಗೆಯೋ ಮುಗ್ಗಲೋ ಬಂದರೆ ಆ ಮುಚ್ಚಳವನ್ನು ಬಟ್ಟಲಿನ ಮೇಲೆ ಮತ್ತೆ ಇಡುವುದಿಲ್ಲ, ಮೇಜಿನ ಮೇಲೆ ಬೋರಲು ಹಾಕುತ್ತಾರೆ. ಆ ಚಹಾಕ್ಕೆ ಎರಡನೆಯ ನೀರಿಲ್ಲ. ಅಲ್ಲಿಗೆ ಮುಗಿಯಿತು.

ಬಲಗಡೆಯ ಮುಚ್ಚಳ ಎತ್ತಿ ಹುವೊಶೆಂಗ್ ತಲೆದೂಗಿದ. ಹೂವಿನ ಪರಿಮಳ ನಮ್ಮ ತನಕ ಬಂತು. ಅದು ಯಾರ ಚಹಾ ಎಂದು ಹೇಳಲು ಯಾವ ಗುರುತೂ ಬೇಕಿರಲಿಲ್ಲ. ಎಡಗಡೆಯದನ್ನು ಎತ್ತಿ ಮೂಸಿದ. ಇನ್ನೊಮ್ಮೆ ಮೂಸಿದ. ಯಾರ ಮುಖವನ್ನೂ ನೋಡದೆ ಪಕ್ಕದವನಿಗೆ ಕೊಟ್ಟ. ಅವನಿಂದ ಇನ್ನೊಬ್ಬನಿಗೆ ಹೋಯಿತು. ಕೊನೆಗೆ ಜಿನ್‌ಶುಯಿಯೂ ಬಾಗಿ ಮೂಸಿದ.

“ಹೊಗೆ,” ಅಂದ ಜಿನ್‌ಶುಯಿ. “ಬಾಣಲೆ ಜಾಸ್ತಿ ಕಾದಿದೆ.”

ಹುವೊಶೆಂಗ್ ಮುಚ್ಚಳವನ್ನು ಮೇಜಿನ ಮೇಲೆ ಬೋರಲು ಹಾಕಿದ.

ಬಾವೊಜು ಹೊಸಿಲು ದಾಟಿ ಒಳಗೆ ಹೋದಳು. ತಡೆಯಲು ನಾನು ಅವಳ ತೋಳು ಹಿಡಿದೆ. ಬಿಡಿಸಿಕೊಂಡ ರಭಸಕ್ಕೆ ನನ್ನ ಬಳೆ ಕಂಬಕ್ಕೆ ತಾಗಿತು.

“ಎರಡನೇ ನೀರು ಹಾಕಿ,” ಅಂದಳು.

“ಮುಚ್ಚಳ ಕೆಳಗಿಟ್ಟ ಮೇಲೆ ನೀರು ಹಾಕೋ ಪದ್ಧತಿ ಇಲ್ಲಮ್ಮ,” ಅಂದ ಹುವೊಶೆಂಗ್.

“ನನ್ನ ಬಾಣಲೇಲಿ ಹೊಗೆ ಎದ್ದಿಲ್ಲ ದೊಡ್ಡ ಮಾವ. ಒಲೆ ಮುಂದೆ ನಿಂತಿದ್ದೋಳು ನಾನು. ನೀವಲ್ಲ, ಇವನಲ್ಲ.” ಅವಳು ಬೋರಲು ಬಿದ್ದ ಮುಚ್ಚಳವನ್ನು ತೆಗೆದು ತಾನೇ ಮೂಸಿದಳು. ಅವಳ ಮುಖದ ಬಣ್ಣ ಹೋಯಿತು. “ಇದು ಬಾಣಲೆ ಹೊಗೆ ಅಲ್ಲ. ಊದುಕಡ್ಡಿ. ನನ್ನ ಎಲೆ ಪೂರ್ತಿ ಊದುಕಡ್ಡಿ ಕುಡಿದಿದೆ.”

ಮಂದಿರ ಯಾವಾಗಲೂ ಊದುಕಡ್ಡಿಯ ವಾಸನೆಯಲ್ಲೇ ಇರುತ್ತದೆ. ಅದಕ್ಕೇ ಬೆಳಿಗ್ಗೆ ಒಳಗೆ ಬಂದವರಿಗೆ ಏನೂ ಅನ್ನಿಸಿರಲಿಲ್ಲ. ಈಗ ಎಲ್ಲರೂ ಪೀಠದ ಕಡೆ ನೋಡಿದರು. ಎಡಗಡೆಯ ಪೊಟ್ಟಣವಿದ್ದ ಜಾಗದ ಮುಂದೆ ಅಕ್ಕಿ ತುಂಬಿದ ಒಂದು ಲೋಟ, ಅದರಲ್ಲಿ ಒತ್ತೊತ್ತಾಗಿ ಸುಟ್ಟು ಉಳಿದ ಕೆಂಪು ಬುಡಗಳು. ಬಲಗಡೆ ಏನೂ ಇರಲಿಲ್ಲ.

ಬಾವೊಜು ಮೈದುನನ ಕಡೆ ತಿರುಗಿದಳು. “ರಾತ್ರಿ ಬಂದು ಇದನ್ನ ಹಚ್ಚಿಟ್ಟು ಹೋದ್ಯಾ? ನಿಮ್ಮಣ್ಣ ಸತ್ತಾಗಿಂದ ಆ ಹೊಲದ ಮೇಲೆ ಹದ್ದಿನ ಹಾಗೆ ಸುತ್ತಾ ಇದೀಯ. ಕೇಳಿದ್ರೆ ಕೊಡಲ್ಲ ಅಂತ ಗೊತ್ತಾಗಿ, ಕದಿಯೋಕೆ ತಾಯಿ ಗುಡೀಗೇ ಬಂದ್ಯಾ?”

“ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ ಅತ್ತಿಗೆ. ನಾನು ರಾತ್ರಿ ಈ ಹೊಸಿಲು ತುಳಿದಿಲ್ಲ.”

“ತುಳಿದಿಲ್ವಂತೆ. ಹಾರಿ ಬಂದಿರ್ತೀಯ.”

“ಅವನಲ್ಲ,” ಅಂತ ಬಾಗಿಲ ಹತ್ತಿರದಿಂದ ಕೇಳಿಸಿತು. ಮುದುಕಿ ಬೆಂಚಿನಿಂದ ಎದ್ದು ನಿಂತಿದ್ದಳು. “ನಾನು ಹಚ್ಚಿದ್ದು.”

ಅವಳು ಹೇಳಿದ್ದು ಇಷ್ಟು. ಪೊಟ್ಟಣ ಇಟ್ಟು ಮನೆಗೆ ಹೋದಮೇಲೆ ಮನಸ್ಸು ತಡೆಯಲಿಲ್ಲ. ಸತ್ತ ಮಗನ ಚಹಾ ಗೆಲ್ಲಲಿ ಎಂದು ಹರಕೆ ಹೊತ್ತು, ಒಂದು ಹಿಡಿ ಊದುಕಡ್ಡಿ ತೆಗೆದುಕೊಂಡು ಮತ್ತೆ ಬಂದಳು. ಅವಳ ಕಾಲದಲ್ಲಿ ಎಲ್ಲರೂ ಹಚ್ಚುತ್ತಿದ್ದರು. ತಗಡಿನ ಡಬ್ಬಿಯ ಮುಂದೆ ಎಷ್ಟು ಹಚ್ಚಿದರೂ ಏನೂ ಆಗುತ್ತಿರಲಿಲ್ಲ. ಕಾಗದ ಅಂತ ತನಗೆ ಹೊಳೆಯಲೇ ಇಲ್ಲ. ಮೂಗು ಸತ್ತು ಎಷ್ಟೋ ವರ್ಷವಾಯಿತು.

ಬಾವೊಜು ಮುದುಕಿಯನ್ನು ನೋಡಿದಳು. ಅಷ್ಟು ಹೊತ್ತು ಉರಿಯುತ್ತಿದ್ದ ಸಿಟ್ಟಿಗೆ ಇದ್ದಕ್ಕಿದ್ದಂತೆ ಹೋಗಲು ಜಾಗವಿಲ್ಲದಾಯಿತು. ಅದು ಇನ್ನೂ ಕೆಟ್ಟದ್ದು.

ಮಾತಾಡಿದ್ದು ಜಿನ್‌ಶುಯಿ. “ನನ್ನ ಪೊಟ್ಟಣದ ಮುಂದೆ ಎಷ್ಟು ಹಚ್ಚಿದೆ ಅಮ್ಮ?”

ಮುದುಕಿ ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು.

“ಒಂದಾದ್ರೂ?”

“ನಿನಗೆ ಕೆಳಗಿನ ಹೊಲ ಎಲ್ಲ ಇದೆಯಲ್ಲೋ.”

“ನಾನು ಕೇಳಿದ್ದು ಹೊಲ ಅಲ್ಲ,” ಅಂದ ಅವನು. ಅವನ ಕಿವಿ ಕೆಂಪಾಗಿತ್ತು. ನಾನು ಅವನನ್ನು ಚಿಕ್ಕ ಹುಡುಗನಾಗಿದ್ದಾಗಿನಿಂದ ಬಲ್ಲೆ. ಆ ಗಳಿಗೆಯಲ್ಲಿ ಅವನು ಅತ್ತುಬಿಟ್ಟಿದ್ದರೆ ಎಲ್ಲ ಬೇರೆಯಾಗುತ್ತಿತ್ತೇನೋ. ಅಳಲಿಲ್ಲ. ಹುವೊಶೆಂಗ್‌ನ ಕಡೆ ತಿರುಗಿ ಗಟ್ಟಿಯಾಗಿ ನಿಂತ. ಯಾರು ಹಚ್ಚಿದರೇನು, ಪೀಠದ ತಾಯಿಯ ಮುಂದೆ ರಾತ್ರಿ ಕಳೆದ ಚಹಾ ಅದು, ತೀರ್ಪು ಅದರ ಮೇಲೇ, ಮನೆಯಿಂದ ಬೇರೆ ತಂದು ಹಾಕುವಂತಿಲ್ಲ, ಮುಚ್ಚಳ ಕೆಳಗಿಟ್ಟಾಗಿದೆ ಅಂದ. ಅವನು ಹೇಳಿದ್ದರಲ್ಲಿ ಪದ್ಧತಿಗೆ ತಪ್ಪಿದ್ದು ಏನೂ ಇರಲಿಲ್ಲ. ದಾಯಾದಿಗಳಿಬ್ಬರೂ ತಲೆಯಾಡಿಸಿದರು. ಹುವೊಶೆಂಗ್ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತ ಕೂತಿದ್ದ.

ನಾನು ಪೀಠದ ಮೇಲಿನ ತಾಯಿಯ ಮುಖ ನೋಡಿದೆ. ಹೊಗೆಯಿಂದ ಕಪ್ಪಾದ ಮರದ ಮುಖ. ನಿನ್ನ ಮುಂದೆಯೇ ಇಷ್ಟೆಲ್ಲ ನಡೆಯುತ್ತಿದೆಯಲ್ಲ ಅಂದುಕೊಂಡೆ.

ಬಾವೊಜು ಮುಚ್ಚಳವನ್ನು ಕೈಯಲ್ಲೇ ಹಿಡಿದಿದ್ದಳು. ಮಾತಾಡಿದಾಗ ದನಿ ಏರಲಿಲ್ಲ. ಅವಳ ಏರಿದ ದನಿ ನಮಗೆ ಅಭ್ಯಾಸವಾಗಿತ್ತು, ಇಳಿದ ದನಿಯನ್ನು ಅಂದೇ ಮೊದಲು ಕೇಳಿದ್ದು.

“ಸರಿ. ಪದ್ಧತಿ ಪ್ರಕಾರಾನೇ ಆಗ್ಲಿ. ಅತ್ತೆ ಇಬ್ಬರು ಮಕ್ಕಳ ತಾಯಿ. ಒಬ್ಬನಿಗೆ ಹಚ್ಚಿ ಇನ್ನೊಬ್ಬನಿಗೆ ಬಿಟ್ಟದ್ದು ತಪ್ಪು. ಇವತ್ತು ರಾತ್ರಿ ಎರಡು ಪೊಟ್ಟಣದಲ್ಲಿ ಉಳಿದಿರೋದನ್ನೂ ವಾಪಸ್ ಪೀಠದ ಮೇಲೆ ಇಡಿ. ಇವನ ಚಹಾದ ಮುಂದೆಯೂ ಅಷ್ಟೇ ಊದುಕಡ್ಡಿ ಹಚ್ಚಲಿ. ನಾಳೆ ಇಬ್ಬರದೂ ಮತ್ತೆ ಮೂಸಿ. ಆಮೇಲೆ ಯಾವ ಮುಚ್ಚಳ ಎಲ್ಲಿ ಇಡ್ತೀರೋ ಇಡಿ, ನಾನು ತುಟಿ ಬಿಚ್ಚಲ್ಲ.”

ದೇವಿ ತಾಯಿಗೆ ಊದುಕಡ್ಡಿ ಹಚ್ಚಬೇಡ ಎಂದು ಯಾರು ಹೇಳುತ್ತಾರೆ? ಹುವೊಶೆಂಗ್ ತಲೆಯೆತ್ತಿ, ಅದು ನ್ಯಾಯ ಅಂದ.

“ಆಗಲ್ಲ,” ಅಂದ ಜಿನ್‌ಶುಯಿ, ಥಟ್ಟನೆ. “ರಾತ್ರಿಯೆಲ್ಲ ಆ ಹೊಗೇಲಿ ಇಟ್ರೆ ನನ್ನ ಚಹಾ ಸತ್ತೇ ಹೋಗುತ್ತೆ.”

ಅಷ್ಟು ಹೇಳಿದಮೇಲೆ ತಾನು ಏನು ಹೇಳಿದೆನೆಂದು ಅವನಿಗೆ ತಿಳಿಯಿತು. ಎಲ್ಲರಿಗೂ ತಿಳಿಯಿತು.

“ಕೇಳಿದ್ರಾ ದೊಡ್ಡ ಮಾವ,” ಅಂದಳು ಬಾವೊಜು. “ಬಾಣಲೆ ಅಂದ ಬಾಯೇ ಈಗ ಚಹಾ ಕೆಡಿಸೋದು ಊದುಕಡ್ಡಿ ಅಂತ ಹೇಳ್ತಾ ಇದೆ.” ಮುಚ್ಚಳವನ್ನು ಹಿರಿಯನ ಮುಂದೆ ಚಾಚಿದಳು.

ಹುವೊಶೆಂಗ್ ಅದನ್ನು ತೆಗೆದುಕೊಂಡು ಎಡಗಡೆಯ ಬಟ್ಟಲಿನ ಹತ್ತಿರ ಇಟ್ಟುಕೊಂಡ. ಎರಡು ಬಟ್ಟಲಿಗೂ ಎರಡನೆಯ ನೀರು ಎರೆದ, ಮುಚ್ಚಿದ.

ಎರಡನೆಯ ನೀರಿನಲ್ಲೂ ಊದುಕಡ್ಡಿ ಇತ್ತು, ಆದರೆ ದೂರದ ಕೋಣೆಯಲ್ಲಿ ಯಾರೋ ಹಚ್ಚಿದಂತೆ. ಮೂರನೆಯದಕ್ಕೆ ಅದು ಹೊರಟುಹೋಯಿತು. ಬಾಣಲೆಯ ಹೊಗೆಯಾಗಿದ್ದರೆ ಹಾಗೆ ಹೋಗುವುದಿಲ್ಲ, ಎಲೆಯ ಹೊಟ್ಟೆಯೊಳಗೇ ಕೂತಿರುತ್ತದೆ. ಆಮೇಲೆ ಬಂದದ್ದು ಜಿನ್‌ಶಾನ್ ಇದ್ದಾಗ ನಾವು ಕುಡಿಯುತ್ತಿದ್ದಂಥ ಚಹಾ. ಸ್ವಲ್ಪ ಒಗರು, ಅದರ ಹಿಂದೆಯೇ ಗಂಟಲಿನ ಬುಡದಿಂದ ಏಳುವ ಸಿಹಿ. ಹೊಸಿಲಿನ ಹತ್ತಿರ ನಿಂತ ನಮಗೂ ಒಂದೊಂದು ಗುಟುಕು ಬಂತು. ಜಿನ್‌ಶುಯಿಯ ಚಹಾ ಆ ಹೊತ್ತಿಗೆ ತೆಳ್ಳಗಾಗಿತ್ತು. ಹುವೊಶೆಂಗ್ ಮತ್ತೆ ಮತ್ತೆ ನೀರು ಎರೆದ. ಬಲಗಡೆಯದು ಬಿಸಿನೀರಾದ ಮೇಲೂ ಎಡಗಡೆಯದು ಚಹಾವಾಗಿಯೇ ಇತ್ತು. ಕೊನೆಗೆ ಎರಡು ಬಟ್ಟಲಿನ ಎಲೆಯನ್ನೂ ನೀರು ತುಂಬಿದ ಬಿಳಿ ತಟ್ಟೆಗಳಲ್ಲಿ ಬಿಡಿಸಿ ನೋಡಿದರು. ಬಾವೊಜುವಿನ ಎಲೆಗಳು ನಡುವೆ ಹಸಿರು, ಅಂಚಿಗೆ ಕೆಂಪು. ಎಲ್ಲೂ ಒಂದು ಕರಿ ಚುಕ್ಕೆಯಿರಲಿಲ್ಲ.

ಹೊಲ ಬಾವೊಜುವಿನಲ್ಲೇ ಇರಲಿ ಎಂದು ಹುವೊಶೆಂಗ್ ಹೇಳಿದ. ಹೇಳಿ, ಒಂದು ಬಟ್ಟಲು ಚಹಾ ಬಗ್ಗಿಸಿ, ಎರಡು ಕೈಯಲ್ಲೂ ಹಿಡಿದು ಅವಳ ಕಡೆ ಚಾಚಿದ. ಹಿರಿಯನೊಬ್ಬ ಹೆಂಗಸಿಗೆ ಹಾಗೆ ಕೊಡುವುದನ್ನು ನಾವು ನೋಡಿರಲಿಲ್ಲ.

ಅವಳು ತೆಗೆದುಕೊಳ್ಳಲಿಲ್ಲ. “ಮೊದಲ ಮುಚ್ಚಳದಲ್ಲೇ ನಿಮಗೆ ಗೊತ್ತಾಗಿತ್ತು.”

“ಅನುಮಾನ ಬಂತು.”

“ಎರಡು ಸಲ ಮೂಸಿದ್ರಿ. ಮತ್ತೆ ಯಾಕೆ ಬೋರಲು ಹಾಕಿದ್ರಿ?”

“ತಾಯಿಗೆ ಹಚ್ಚಿದ ಊದುಕಡ್ಡೀನ ದೋಷ ಅಂತ ಯಾವ ಬಾಯಲ್ಲಿ ಹೇಳ್ಲಮ್ಮ?” ಅಂದ ಮುದುಕ, ಮೆಲ್ಲಗೆ.

ಡಬ್ಬಿ ತೆಗೆದು ಕಾಗದ ಮಾಡಿದವನು ತಾನು ಎಂಬುದನ್ನು ಅವನು ಹೇಳಲಿಲ್ಲ. ಊದುಕಡ್ಡಿ ಎಂದುಬಿಟ್ಟರೆ ಮುಂದಿನ ಪ್ರಶ್ನೆ ಅದೇ ಆಗುತ್ತಿತ್ತು. ತನ್ನ ಹೆದರಿಕೆಯನ್ನು ತಾಯಿಯ ಸೆರಗಿನಲ್ಲಿ ಮುಚ್ಚಿಟ್ಟ. ದಿನಾ ಬೆಳಿಗ್ಗೆ ಆ ತಾಯಿಗೆ ಮೂರು ಬಟ್ಟಲು ಚಹಾ ಇಟ್ಟು ಬರುವವಳು ನಾನು. ನನಗೂ ಅಂದು ಸಿಟ್ಟು ಬಂತು, ಇಂದಿಗೂ ಪೂರ್ತಿ ಇಳಿದಿಲ್ಲ. ಒಬ್ಬಳ ಹೊಲ ಹೋಗುತ್ತಿರುವಾಗ ತಾಯಿಯ ಮರ್ಯಾದೆ ಉಳಿಸಿದೆ ಅಂದುಕೊಳ್ಳುವವರನ್ನು ಆ ತಾಯಿ ಹೇಗೆ ನೋಡುತ್ತಾಳೋ ತಿಳಿಯದು.

ಬಾವೊಜು ಮೇಜಿನ ಮೇಲಿದ್ದ ತನ್ನ ಪೊಟ್ಟಣವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಮುದುಕಿಗಾಗಿ ನಿಲ್ಲಲಿಲ್ಲ. ಮುದುಕಿ ಕೋಲೂರಿಕೊಂಡು ಹಿಂದೆಯೇ ಹೋದಳು. ಇಬ್ಬರ ನಡುವೆ ಒಂದು ಹಸುವಿನಷ್ಟು ದೂರ ಮನೆ ಮುಟ್ಟುವ ತನಕ ಹಾಗೇ ಇತ್ತು.

ಆಮೇಲಿನ ತಿಂಗಳು ಮುದುಕಿಯ ಊಟ ಜಿನ್‌ಶುಯಿಯ ಮನೆಯಲ್ಲಿ. ಅವನು ಕರೆದುಕೊಂಡು ಹೋಗಲು ಬರಲಿಲ್ಲ. ಬಾವೊಜು ಬಟ್ಟೆಯ ಗಂಟು ಕಟ್ಟಿ, ಅತ್ತೆಯ ಕೈಹಿಡಿದು ಅವನ ಬಾಗಿಲಿಗೆ ಹೋದಳು. ನಿನ್ನ ಅಮ್ಮ, ನಿನ್ನ ತಿಂಗಳು ಅಂದು ಗಂಟನ್ನು ಹೊಸಿಲ ಮೇಲೆ ಇಟ್ಟು ಬಂದಳಂತೆ. ಅವನು ಅನ್ನಕ್ಕೆ ಕಡಿಮೆ ಮಾಡಲಿಲ್ಲ, ಮಾತು ಮಾತ್ರ ಆಡಲಿಲ್ಲ. ಮುದುಕಿ ಮರಳಿ ಬಂದಾಗ ಇನ್ನಷ್ಟು ಕುಗ್ಗಿದಂತೆ ಕಂಡಳು. ಮನೆಯಲ್ಲಿ ಚಹಾ ಇರುವಾಗ ಊದುಕಡ್ಡಿ ಮುಟ್ಟಕೂಡದೆಂದು ಬಾವೊಜು ಅವಳ ಕಟ್ಟನ್ನು ತೆಗೆದು ಎತ್ತರದ ಅಟ್ಟದ ಮೇಲೆ ಇಟ್ಟಿದ್ದಳು. ಅಷ್ಟು ಸಣ್ಣ ಶಿಕ್ಷೆ ಯಾರಿಗೆ ಬೇಕಾಗಿತ್ತು ಅಂತ ನಾನೊಮ್ಮೆ ಕೇಳಿದೆ. ಬಾವೊಜು ತೊಟ್ಟುಗಳನ್ನು ಮೊದಲಿಗಿಂತ ಜೋರಾಗಿ ಎಸೆದಳು.

ಮರುವರ್ಷದ ರುಚಿ ನೋಡುವ ಹಬ್ಬಕ್ಕೆ ತಗಡಿನ ಡಬ್ಬಿಗಳು ತಿರುಗಿ ಬಂದವು. ನೆಗ್ಗಿದ್ದರೆ ಇರಲಿ ಅಂದರು. ಹಿಂದಿನ ಸಂಜೆ ಮುದುಕಿ ಎರಡು ಮನೆಯ ಡಬ್ಬಿಗಳನ್ನೂ ಪೀಠದ ಮೇಲಿಟ್ಟು ಮಂದಿರದ ಮೆಟ್ಟಿಲಿಳಿಯುವಾಗ, ಕೆಳಗೆ ಬಾವೊಜು ನಿಂತಿದ್ದಳು. ಅವಳ ಕೈಯಲ್ಲಿ ಅಟ್ಟದಿಂದ ಇಳಿಸಿದ ಕಟ್ಟು ಇತ್ತು.

“ಹಚ್ಚಿ,” ಅಂದಳು, ಜಗಳಕ್ಕೆ ಬಂದವಳಂತೆ. “ಇಬ್ಬರಿಗೂ ಹಚ್ಚಿ. ಅವನಿಗೆ ಒಂದು ಜಾಸ್ತೀನೇ ಹಚ್ಚಿ. ಇಲ್ಲೇ, ಅಂಗಳದಲ್ಲಿ. ಒಳಗೆ ಮಾತ್ರ ಕಾಲಿಟ್ರೆ ನೋಡಿ.”

ಮುದುಕಿ ಕಲ್ಲಿನ ಧೂಪದಾನಿಯ ಮುಂದೆ ನಿಂತು ಹಚ್ಚಿದಳು. ಸತ್ತವನಿಗೆ ಒಂದು ಹಿಡಿ, ಬದುಕಿದವನಿಗೆ ಒಂದು ಹಿಡಿ. ಆಮೇಲೆ ಬದುಕಿದವನ ಹಿಡಿಗೆ ಒಂದನ್ನು ಸೇರಿಸಿದಳು. ಜಿನ್‌ಶುಯಿ ಬೀದಿಯ ಆಚೆ ತನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಬಳಿಗೆ ಬರಲಿಲ್ಲ, ಒಳಗೂ ಹೋಗಲಿಲ್ಲ. ಗಾಳಿ ತಿರುಗಿ ಹೊಗೆಯೆಲ್ಲ ಮಂದಿರದ ಕಡೆಗೇ ಹೊರಟಿತು. ಬಾವೊಜು ಗಾಳಿಯನ್ನೂ ಬೈಯುತ್ತ ಮೆಟ್ಟಿಲು ಹತ್ತಿ, ಮಂದಿರದ ಎರಡು ಬಾಗಿಲುಗಳನ್ನೂ ಎಳೆದು ಧಡಾರನೆ ಮುಚ್ಚಿದಳು.